ಆಟದ ನೋಟು, ಖೋಟಾ ನೋಟು

2021ರಲ್ಲಿ ಅಮೆರಿಕದಲ್ಲಿ ಒಂದು ಕಾರ್ಟೂನ್ ಸಿನಿಮಾ ಬಂತು. ಹೆಸರು ‘ಅಮೆರಿಕಾ: ದಿ ಮೋಷನ್ ಪಿಕ್ಚರ್’. ಕಾರ್ಟೂನ್ ಎಂದೊಡನೆ ಮೊಮ್ಮಕ್ಕಳನ್ನು ಕರೆದು ಕೂಡ್ರಿಸಬೇಡಿರಿ. ಇದು ದೊಡ್ಡವರಿಗೆಂದು ಮಾಡಿದ್ದು. ಬೈಗುಳ, ಬಡಿದಾಟ ಎರಡೂ ಧಾರಾಳ. ಆ ದೇಶದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಇದರಲ್ಲಿ ಯಂತ್ರದ ಗರಗಸ ಬೀಸುತ್ತ ಹೋರಾಡುತ್ತಾನೆ. ಅಬ್ರಹಾಂ ಲಿಂಕನ್ ಅವನ ಜೀವದ ಗೆಳೆಯ. ನಿಜ ನೋಡಿದರೆ ವಾಷಿಂಗ್ಟನ್ ತೀರಿಕೊಂಡದ್ದು 1799ರಲ್ಲಿ, ಲಿಂಕನ್ ಹುಟ್ಟಿದ್ದು 1809ರಲ್ಲಿ!

ಈ ಅಂತರ ಗೊತ್ತಿದ್ದವನಿಗೆ ನಗು ಬರುತ್ತದೆ. ಗೊತ್ತಿಲ್ಲದವನು ಅವರ ಗೆಳೆತನವನ್ನು ನಂಬಿಯಾನು.

ಇಂಥ ಚೇಷ್ಟೆ ನಮ್ಮ ಸೀಮೆಗೆ ಹೊಸದೇನಲ್ಲ. ಕಿಳ್ಳೇಕ್ಯಾತರ ತೊಗಲುಗೊಂಬೆ ಆಟ ನೆನೆಸಿಕೊಳ್ಳಿರಿ. ಮುಂದೆ ಬಿಳಿ ಪರದೆ, ಹಿಂದೆ ದೀಪ, ನಡುವೆ ಬಣ್ಣದ ಗೊಂಬೆ. ರಾಮಾಯಣ ನಡೆದಿರುವಾಗಲೇ ಡೊಳ್ಳುಹೊಟ್ಟೆಯ ಕರಿಯ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ನಡುವೆ ನುಗ್ಗಿ ಪೋಲಿ ಮಾತಾಡಿ ಮಂದಿಯನ್ನು ನಗಿಸುವರು. ಈ ಗೊಂಬೆಯವರಲ್ಲಿ ಅನೇಕರ ಮನೆಮಾತು ಮರಾಠಿಯ ಒಂದು ಬಗೆ, ಆಟದ ಮಾತು ಕನ್ನಡ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವ ಅಕಿವಾಟದ ನಮಗೆ ಅವರು ದೂರದವರೇನಲ್ಲ. ಅವರ ಪೋಲಿ ಮಾತಿನಿಂದ ರಾಮನ ಮೇಲಿನ ಭಕ್ತಿ ಯಾರಿಗೂ ಕಡಿಮೆಯಾಗಲಿಲ್ಲ. ಯಾಕೆಂದರೆ ಮೂಲ ಕಥೆ ಎಲ್ಲರಿಗೂ ಬಾಯಿಪಾಠ.

ಪುರಾಣದಷ್ಟು ಇತಿಹಾಸ ನಮಗೆ ಬಾಯಿಪಾಠವಿಲ್ಲ. ತೊಡಕು ಬರುವುದು ಅಲ್ಲಿಯೇ. 1972ರಲ್ಲಿ ಪುಣೆಯಲ್ಲಿ ವಿಜಯ ತೆಂಡೂಲ್ಕರರ ‘ಘಾಶೀರಾಮ ಕೋತವಾಲ’ ರಂಗಕ್ಕೆ ಬಂತು. ಹಾಡು ಕುಣಿತದ ನಡುವೆ ಪೇಶವೆ ಕಾಲದ ನಾನಾ ಫಡಣವೀಸರನ್ನು ವಿಲಾಸಿಯಾಗಿ ತೋರಿಸಿದ್ದಕ್ಕೆ ದೊಡ್ಡ ಗದ್ದಲವೆದ್ದಿತು. ಇದು ಐತಿಹಾಸಿಕ ನಾಟಕವಲ್ಲವೆಂದು ತೆಂಡೂಲ್ಕರರು ಹೇಳಿದರೂ ಸಿಟ್ಟು ಇಳಿಯಲಿಲ್ಲ. ಸಿಟ್ಟಾದವರ ಅಂಜಿಕೆಯೂ ಪೂರ್ತಿ ಹುಸಿಯಲ್ಲ. ನಾನಾನ ಚರಿತ್ರೆ ಓದದವನು ನಾಟಕವನ್ನೇ ಚರಿತ್ರೆ ಎಂದು ತಿಳಿದಾನು. ಆದರೆ ಅದಕ್ಕೆ ಮದ್ದು ಚರಿತ್ರೆ ಓದಿಸುವುದು. ನಾಟಕ ನಿಲ್ಲಿಸಿದರೆ ಅಜ್ಞಾನ ಹಾಗೆಯೇ ಉಳಿಯುತ್ತದೆ.

ಬ್ಯಾಂಕಿನಲ್ಲಿ ಹಣ ಎಣಿಸಿದ ನನ್ನಂಥವನಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮಕ್ಕಳ ಆಟದ ನೋಟಿನಿಂದ ಯಾವ ಅಂಗಡಿಯವನೂ ಮೋಸ ಹೋಗುವುದಿಲ್ಲ. ತಾನು ಆಟದ್ದೆಂದು ಅದರ ಮುಖವೇ ಹೇಳುತ್ತದೆ. ಮೋಸ ಮಾಡುವುದು ಅಸಲಿನ ಮುಖ ಹೊತ್ತ ಖೋಟಾ ನೋಟು. ಗರಗಸದ ವಾಷಿಂಗ್ಟನ್ ಆಟದ ನೋಟು. ಗಂಭೀರ ದನಿಯಲ್ಲಿ, ಇಸವಿ ಸಮೇತ, ಮೊಬೈಲಿನಿಂದ ಮೊಬೈಲಿಗೆ ಹರಿಯುವ ಸುಳ್ಳು ಚರಿತ್ರೆ ಖೋಟಾ ನೋಟು. ಗಡಿನಾಡಿನಲ್ಲಿ ಅಂಥ ಒಂದು ನೋಟು ಚಲಾವಣೆಯಾದರೆ ನೆರೆಮನೆಯವರು ಮಾತು ಬಿಡುತ್ತಾರೆ.

ಖೋಟಾ ನೋಟನ್ನು ಹಿಡಿಯುವುದು ಅಸಲು ನೋಟು ಎಣಿಸಿ ಎಣಿಸಿ ಪಳಗಿದ ಬೆರಳು. ಮಕ್ಕಳ ಕೈಗೆ ಮೊದಲು ಅಸಲನ್ನು ಕೊಡೋಣ. ಯಾವ ಅರಸು ಯಾವ ಕಾಲದವನು, ಅದನ್ನು ಹೇಳುವ ಶಾಸನ ಯಾವುದು, ಕಾಗದ ಯಾವುದು, ತೋರಿಸೋಣ. ಆಮೇಲೆ ಅವರು ಬೇಕಾದಷ್ಟು ನಗಲಿ, ನಾವೂ ಕೂಡಿ ನಗೋಣ.