ಮೂರು ಬೀಗದ ಪೆಟ್ಟಿಗೆಯೊಳಗಿನ ಊರು



ಹಸಿರು ಹೊಲಗಳ ನಡುವೆ ಕಲ್ಲಿನ ಪುಟ್ಟ ಚರ್ಚು, ಅದರ ತಲೆಯ ಮೇಲೊಂದು ಗೋಪುರ, ಸುತ್ತಲೂ ಪಾಚಿ ಹಿಡಿದ ಸಮಾಧಿ ಕಲ್ಲುಗಳು. ಇಂಗ್ಲೆಂಡಿನ ಹಳ್ಳಿಯ ಈ ಚಿತ್ರವನ್ನು ಕ್ಯಾಲೆಂಡರುಗಳಲ್ಲಾದರೂ ನೋಡದವರು ವಿರಳ. ಚರ್ಚಿನೊಳಗೆ ಹೋದ ಪ್ರವಾಸಿಗರು ಬಣ್ಣದ ಗಾಜಿನ ಕಿಟಕಿಗಳನ್ನು ತಲೆಯೆತ್ತಿ ನೋಡುತ್ತಾರೆ. ಮೂಲೆಯಲ್ಲಿ ಕಬ್ಬಿಣದ ಪಟ್ಟಿ ಬಡಿದ ಓಕ್ ಮರದ ಹಳೆಯ ಪೆಟ್ಟಿಗೆಯೊಂದಿದ್ದರೆ ಅದರತ್ತ ಕಣ್ಣು ಹಾಯಿಸುವವರು ಕಡಿಮೆ. ಇಡೀ ಊರಿನ ನಾಲ್ಕೈದು ಶತಮಾನಗಳ ಬದುಕು ಒಂದು ಕಾಲಕ್ಕೆ ಇದ್ದದ್ದು ಇಂಥ ಪೆಟ್ಟಿಗೆಗಳಲ್ಲಿ.

ಈ ಕಥೆ ಆರಂಭವಾಗುವುದು 1538ರಲ್ಲಿ. ಎಂಟನೆಯ ಹೆನ್ರಿ ರೋಮಿನ ಪೋಪರ ಸಂಬಂಧ ಕಡಿದುಕೊಂಡು ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥನಾಗಿದ್ದ. ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆ ವರ್ಷ ಒಂದು ಆಜ್ಞೆ ಹೊರಡಿಸಿದ. ಪ್ರತಿಯೊಂದು ಪ್ಯಾರಿಷ್‌ನಲ್ಲಿ, ಅಂದರೆ ಒಬ್ಬ ಪಾದ್ರಿಯ ಸುಪರ್ದಿಗೆ ಸೇರಿದ ಊರು ಸೀಮೆಯಲ್ಲಿ, ಒಂದು ಪುಸ್ತಕ ಇಡಬೇಕು. ವಾರದಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪಾದ್ರಿಯು ಭಾನುವಾರ ಊರಿನ ಹಿರಿಯರ ಎದುರು ಅದರಲ್ಲಿ ಬರೆಯಬೇಕು. ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿಡಬೇಕು. ತಪ್ಪಿದರೆ 3 ಷಿಲಿಂಗ್ 4 ಪೆನ್ಸ್ ದಂಡ. ಆ ಹಣ ಚರ್ಚಿನ ದುರಸ್ತಿಗೆ.

ಜನ ಇದನ್ನು ಸಂತೋಷದಿಂದ ಸ್ವಾಗತಿಸಲಿಲ್ಲ. ಹುಟ್ಟಿಗೂ ಸಾವಿಗೂ ಲೆಕ್ಕ ಬರೆಯುವುದೆಂದರೆ ಮುಂದೆ ಅದರ ಮೇಲೆ ಕಂದಾಯ ಹಾಕುವುದಕ್ಕೇ ಎಂದು ಹಳ್ಳಿಗಳಲ್ಲಿ ಗುಸುಗುಸು ಹಬ್ಬಿತು. ಆ ಅನುಮಾನ ಪೂರ್ತಿ ಸುಳ್ಳೂ ಆಗಲಿಲ್ಲ. 1695ರಲ್ಲಿ ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧದ ಖರ್ಚಿಗೆಂದು ಜನನ, ವಿವಾಹ, ಮರಣಗಳ ಮೇಲೆ ತೆರಿಗೆ ಬಂತು. 1783ರಲ್ಲಿ ರಿಜಿಸ್ಟರಿನ ಪ್ರತಿಯೊಂದು ನಮೂದಿಗೂ 3 ಪೆನ್ಸ್ ಸುಂಕ ಬಿತ್ತು. ಕಡುಬಡವರಿಗೆ ಮಾತ್ರ ವಿನಾಯಿತಿ. 1794ರಲ್ಲಿ ಈ ಸುಂಕ ರದ್ದಾಗುವವರೆಗಿನ ಪುಟಗಳಲ್ಲಿ 'ಬಡವ' ಎಂಬ ಷರಾ ಎಷ್ಟೋ ಕಡೆ ಹೆಚ್ಚಾಗಿ ಕಾಣುತ್ತದೆ. ಅವರೆಲ್ಲ ನಿಜವಾಗಿ ಬಡವರೋ, ಪಾದ್ರಿಯ ಕರುಣೆಯಿಂದ ಬಡವರಾದವರೋ ಎಂಬುದನ್ನು ಪುಸ್ತಕ ಹೇಳುವುದಿಲ್ಲ.

ಮೊದಮೊದಲು ಅನೇಕ ಕಡೆ ಬಿಡಿ ಕಾಗದಗಳ ಮೇಲೆ ಬರೆಯುತ್ತಿದ್ದರು. ಕಾಗದ ನೆನೆಯಿತು, ಹರಿಯಿತು, ಕಳೆದುಹೋಯಿತು. ಆದ್ದರಿಂದ 1598ರಲ್ಲಿ ಎರಡು ಹೊಸ ನಿಯಮಗಳು ಬಂದವು. ಹಳೆಯದನ್ನೆಲ್ಲ ಬಾಳಿಕೆ ಬರುವ ಚರ್ಮಪತ್ರದ ಪುಸ್ತಕಕ್ಕೆ ನಕಲು ಮಾಡಬೇಕು. ಮುಖ್ಯವಾಗಿ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ 1558ರಿಂದ ಈಚಿನದನ್ನು. ಪ್ರತಿವರ್ಷ ಒಂದು ಪ್ರತಿಯನ್ನು ಬಿಷಪ್ಪರ ಕಚೇರಿಗೂ ಕಳಿಸಬೇಕು. 1603ರ ಹೊತ್ತಿಗೆ ಪೆಟ್ಟಿಗೆಯ ಬೀಗಗಳು ಮೂರಾದವು. ಒಂದು ಕೀಲಿ ಪಾದ್ರಿಯ ಬಳಿ, ಉಳಿದೆರಡು ಊರಿನವರೇ ಆದ ಇಬ್ಬರು ಚರ್ಚ್ ವಾರ್ಡನ್ನರ ಬಳಿ. ಮೂವರೂ ಸೇರದೆ ಪೆಟ್ಟಿಗೆ ತೆರೆಯುವಂತಿಲ್ಲ.

ಈ ನಕಲಿನ ನಿಯಮದಿಂದ ಉಳಿದುಬಂದ ಒಂದು ಸಾಲು ಜಗತ್ಪ್ರಸಿದ್ಧ. ಸ್ಟ್ರಾಟ್‌ಫರ್ಡ್ ಪಟ್ಟಣದ ಹೋಲಿ ಟ್ರಿನಿಟಿ ಚರ್ಚಿನ ರಿಜಿಸ್ಟರಿನಲ್ಲಿ 1564ರ ಏಪ್ರಿಲ್ 26ರಂದು ಜಾನ್ ಷೇಕ್ಸ್‌ಪಿಯರನ ಮಗ ವಿಲಿಯಮ್‌ನಿಗೆ ದೀಕ್ಷಾಸ್ನಾನವಾಯಿತು ಎಂದಿದೆ. ನಾಟಕಕಾರನ ಹುಟ್ಟುಹಬ್ಬವೆಂದು ಲೋಕ ಆಚರಿಸುವ ಏಪ್ರಿಲ್ 23 ಈ ತಾರೀಖಿನಿಂದ ಹಿಂದಕ್ಕೆ ಎಣಿಸಿದ ಊಹೆ. ಅವನು ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. ಚರ್ಚಿಗೆ ಬೇಕಾಗಿದ್ದದ್ದು ದೀಕ್ಷಾಸ್ನಾನದ ದಿನ ಮಾತ್ರ.

ಇದನ್ನು ನೆನಪಿನಲ್ಲಿಟ್ಟುಕೊಂಡೇ ಈ ಪುಸ್ತಕಗಳನ್ನು ಓದಬೇಕು. ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಹಸುಗೂಸುಗಳಿಗೆ ದೀಕ್ಷಾಸ್ನಾನದ ಪಟ್ಟಿಯಲ್ಲಿ ಜಾಗವಿಲ್ಲ. ರಾಜನ ಚರ್ಚನ್ನು ಒಪ್ಪದ ಕ್ಯಾಥೊಲಿಕರು, ಕ್ವೇಕರರು, ಬ್ಯಾಪ್ಟಿಸ್ಟರು ಎಷ್ಟೋ ವೇಳೆ ಲೆಕ್ಕದಿಂದ ಹೊರಗೇ ಉಳಿದರು. 1642ರಲ್ಲಿ ಅಂತರ್ಯುದ್ಧ ಶುರುವಾದಾಗ ಅನೇಕ ಊರುಗಳ ಪುಸ್ತಕದಲ್ಲಿ ವರ್ಷಗಟ್ಟಲೆ ಬರೆವಣಿಗೆಯೇ ನಿಂತುಹೋಯಿತು. 1754ರಿಂದ ಮದುವೆಯ ಗಂಡು ಹೆಣ್ಣು ಇಬ್ಬರೂ ಸಹಿ ಹಾಕಬೇಕೆಂಬ ಕಾನೂನು ಜಾರಿಗೆ ಬಂತು. ಅಕ್ಷರ ಬಾರದವರು ಒಂದು ಗುಣಿಸು ಗುರುತು ಎಳೆದರು. ಆ ಕಾಲದಲ್ಲಿ ಯಾವ ಊರಿನಲ್ಲಿ ಎಷ್ಟು ಜನಕ್ಕೆ ಹೆಸರು ಬರೆಯಲು ಬರುತ್ತಿತ್ತು ಎಂದು ಲೆಕ್ಕ ಹಾಕಲು ಇತಿಹಾಸಕಾರರಿಗೆ ದೊರೆತ ಆಧಾರ ಆ ಗುಣಿಸು ಗುರುತೇ.

ಪೆಟ್ಟಿಗೆಯಲ್ಲಿ ಇದ್ದದ್ದು ಹುಟ್ಟು ಸಾವಿನ ಪುಸ್ತಕ ಮಾತ್ರವಲ್ಲ. 1601ರ ಕಾನೂನಿನಂತೆ ಊರಿನ ಬಡವರನ್ನು ಸಾಕುವ ಹೊಣೆ ಪ್ಯಾರಿಷ್‌ನದು. ಅದರ ಖರ್ಚು ಊರವರ ಮೇಲಿನ ತೆರಿಗೆಯಿಂದ. ಹಾಗಾಗಿ ಯಾರು ಯಾವ ಊರಿಗೆ ಸೇರಿದವರು ಎಂಬುದು ಹಣದ ಪ್ರಶ್ನೆಯಾಯಿತು. 1662ರ ಕಾನೂನು ಬಂದ ಮೇಲೆ, ಮುಂದೆ ಊರಿಗೆ ಹೊರೆಯಾಗಬಹುದಾದ ಹೊಸಬರನ್ನು ಅವರ ಸ್ವಂತ ಪ್ಯಾರಿಷ್‌ಗೆ ಅಟ್ಟಲು ಅವಕಾಶವಾಯಿತು. ಮದುವೆಯಾಗದ ಹೆಣ್ಣಿಗೆ ಹುಟ್ಟಿದ ಮಗು ತಾನು ಹುಟ್ಟಿದ ಊರಿಗೇ ಸೇರುತ್ತಿತ್ತು. ಆ ಖರ್ಚು ತಪ್ಪಿಸಿಕೊಳ್ಳಲು ತುಂಬು ಬಸುರಿಯನ್ನು ಗಡಿ ದಾಟಿಸಿ ಬಿಟ್ಟುಬಂದ ಊರುಗಳಿವೆ. ಆ ಹೆಂಗಸರ ವಿಚಾರಣೆಯ ಹೇಳಿಕೆ, ಸಾಗಹಾಕಿದ ಆದೇಶ, ಗಾಡಿ ಬಾಡಿಗೆಯ ಲೆಕ್ಕ ಎಲ್ಲವೂ ಇದೇ ಪೆಟ್ಟಿಗೆ ಸೇರಿದವು. ದೇವರ ಮನೆಯ ಕಾಗದಗಳಲ್ಲಿ ಕರುಣೆಯೂ ಇದೆ, ಕಾಠಿಣ್ಯವೂ ಇದೆ.

ಈ ಪುಸ್ತಕಗಳು ಏನು ಹೇಳುತ್ತವೆ, ಎಲ್ಲಿ ಮೌನ ತಾಳುತ್ತವೆ ಎಂಬುದಕ್ಕೆ ಡಾರ್ಬಿಷೈರಿನ ಗುಡ್ಡಗಳ ನಡುವಿನ ಈಮ್ ಎಂಬ ಹಳ್ಳಿಗಿಂತ ದೊಡ್ಡ ಉದಾಹರಣೆ ಬೇಡ. 1665ರಲ್ಲಿ ಲಂಡನ್ ಪ್ಲೇಗಿನಿಂದ ತತ್ತರಿಸುತ್ತಿತ್ತು. ಅಲ್ಲಿಂದ ಈಮ್‌ನ ದರ್ಜಿಯ ಮನೆಗೆ ಬಟ್ಟೆಯ ಗಂಟು ಬಂತು; ಅದರೊಡನೆ ರೋಗವೂ ಬಂತು ಎಂಬುದು ಪ್ರತೀತಿ. ಅಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಕರ್ಸ್ ಸೆಪ್ಟೆಂಬರ್ 7ರಂದು ಮಣ್ಣಾದ. ಚಳಿಗಾಲದಲ್ಲಿ ತಗ್ಗಿದ ರೋಗ 1666ರ ಬೇಸಿಗೆಯಲ್ಲಿ ಮತ್ತೆ ಹೆಡೆಯೆತ್ತಿತು. ಊರಿನ ತರುಣ ಪಾದ್ರಿ ವಿಲಿಯಮ್ ಮಾಂಪೆಸನ್‌ನೂ, ಹಿಂದೆ ಅದೇ ಊರಿನಲ್ಲಿ ಪಾದ್ರಿಯಾಗಿದ್ದು ಹೊಸ ಕಾನೂನಿಗೆ ತಲೆಬಾಗದೆ ಸ್ಥಾನ ಕಳೆದುಕೊಂಡಿದ್ದ ಥಾಮಸ್ ಸ್ಟ್ಯಾನ್ಲಿಯೂ ಒಂದಾಗಿ, ಯಾರೂ ಊರಿನ ಎಲ್ಲೆ ದಾಟಬಾರದು ಎಂದು ಜನರನ್ನು ಒಪ್ಪಿಸಿದರು. ಹೊರಗಿನವರು ಗಡಿಯ ಕಲ್ಲಿನ ಬಳಿ ಆಹಾರ ಇಟ್ಟು ಹೋಗುತ್ತಿದ್ದರು. ಪ್ರಾರ್ಥನೆ ಬಯಲಲ್ಲಿ ನಡೆಯಿತು. ಸತ್ತವರನ್ನು ಮನೆಯವರೇ ಹೊಲದಲ್ಲಿ, ಹಿತ್ತಲಲ್ಲಿ ಹೂಳಿದರು. ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಆಗಸ್ಟ್ ತಿಂಗಳ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣು ಮಾಡಿದಳು. ಪಾದ್ರಿಯ ಹೆಂಡತಿ ಕ್ಯಾಥರೀನ್ ಕೂಡ ಅದೇ ತಿಂಗಳು ಹೋದಳು. ರೋಗ ನಿಂತಾಗ ಸತ್ತವರ ಸಂಖ್ಯೆ ಸುಮಾರು 260.

ರಿಜಿಸ್ಟರಿನಲ್ಲಿ ಇರುವುದು ಹೆಸರು ಮತ್ತು ತಾರೀಖು. ಒಂದೇ ಮನೆತನದ ಹೆಸರು ಒಂದರ ಕೆಳಗೊಂದು ಬರುವುದನ್ನು ನೋಡಿದರೆ ಸಾಕು, ಓದುವವರ ಎದೆ ಭಾರವಾಗುತ್ತದೆ. ಆದರೆ ಅವರು ಮನಸಾರೆ ಒಪ್ಪಿ ಉಳಿದರೋ, ಹೋಗಲು ಬೇರೆ ದಾರಿಯಿಲ್ಲದೆ ಉಳಿದರೋ ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರವಿಲ್ಲ. ತ್ಯಾಗದ ಕಥೆ ಬಹುಮಟ್ಟಿಗೆ ಬಂದದ್ದು ಮಾಂಪೆಸನ್ ಬರೆದ ಪತ್ರಗಳಿಂದ ಮತ್ತು ಮುಂದಿನ ಶತಮಾನಗಳ ಲೇಖಕರಿಂದ. ತನ್ನ ಸ್ವಂತ ಮಕ್ಕಳನ್ನು ಮಾಂಪೆಸನ್ ಮೊದಲೇ ಊರ ಹೊರಗೆ ಕಳಿಸಿದ್ದ ಎಂಬುದೂ ಆ ಕಥೆಯ ಭಾಗವೇ. ರಿಜಿಸ್ಟರ್ ಯಾರನ್ನೂ ಹೊಗಳುವುದಿಲ್ಲ, ಯಾರನ್ನೂ ತೆಗಳುವುದಿಲ್ಲ. ಪಾದ್ರಿಯ ಹೆಂಡತಿಗೂ ದರ್ಜಿಯ ಆಳಿಗೂ ಅಲ್ಲಿ ಸಿಕ್ಕಿರುವುದು ಒಂದೊಂದೇ ಸಾಲು.

ಇಂಥ ಒಂಟಿ ಸಾಲುಗಳನ್ನು ಕೂಡಿಸಿದರೆ ದೇಶದ ಚರಿತ್ರೆಯಾಗುತ್ತದೆ ಎಂದು ತೋರಿಸಿದವರು ಕೇಂಬ್ರಿಜ್‌ನ ವಿದ್ವಾಂಸರು. ಊರೂರಿನ ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ ಎಣಿಸಿಕೊಟ್ಟ 404 ಪ್ಯಾರಿಷ್‌ಗಳ ಅಂಕಿಗಳನ್ನು ಆಧರಿಸಿ ರಿಗ್ಲಿ ಮತ್ತು ಸ್ಕೋಫೀಲ್ಡ್ 1981ರಲ್ಲಿ ಇಂಗ್ಲೆಂಡಿನ ಜನಸಂಖ್ಯೆಯ ಇತಿಹಾಸ ಪ್ರಕಟಿಸಿದರು. ಹಿಂದಿನ ಕಾಲದಲ್ಲಿ ಅಲ್ಲಿನ ಹುಡುಗಿಯರಿಗೆ ಹದಿಹರೆಯದಲ್ಲೇ ಮದುವೆಯಾಗುತ್ತಿತ್ತು ಎಂಬ ನಂಬಿಕೆಯನ್ನು ರಿಜಿಸ್ಟರುಗಳ ಅಧ್ಯಯನ ಅಳಿಸಿಹಾಕಿತು. 17ನೇ ಶತಮಾನದಲ್ಲಿ ಸಾಮಾನ್ಯ ಹೆಣ್ಣುಮಗಳ ಮೊದಲ ಮದುವೆಯ ಸರಾಸರಿ ವಯಸ್ಸು ಸುಮಾರು 26. ಯಾವ ರಾಜನ ಚರಿತ್ರೆಯಲ್ಲೂ ಈ ಮಾತಿಲ್ಲ.

ಈ ಬರೆದಿಡುವ ಪದ್ಧತಿ ಆಂಗ್ಲಿಕನ್ ಪಾದ್ರಿಗಳ ಜೊತೆ ಸಮುದ್ರ ದಾಟಿ ಬೆಂಗಳೂರಿಗೂ ಬಂತು. ದಂಡಿನ ಪ್ರದೇಶದ ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ನಕಲುಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋದವು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರಿನಲ್ಲಿ ತೀರಿಕೊಂಡ ಸಿಪಾಯಿಯೊಬ್ಬನ ಕೊನೆಯ ದಿನವನ್ನು ಅವನ ವಂಶದವರು ಲಂಡನ್ನಿನಲ್ಲೇ ಕೂತು ಹುಡುಕಬಹುದಾದದ್ದು ಹೀಗೆ.

1837ರ ಜುಲೈ 1ರಿಂದ ಇಂಗ್ಲೆಂಡಿನಲ್ಲಿ ಜನನ ಮರಣಗಳನ್ನು ಬರೆಯುವ ಕೆಲಸವನ್ನು ಸರ್ಕಾರವೇ ವಹಿಸಿಕೊಂಡಿತು. 1978ರ ನಿಯಮವೊಂದರಂತೆ, ಸರಿಯಾದ ರಕ್ಷಣೆಯ ಏರ್ಪಾಡಿಲ್ಲದ ಚರ್ಚುಗಳು ನೂರು ವರ್ಷಕ್ಕಿಂತ ಹಳೆಯ ರಿಜಿಸ್ಟರುಗಳನ್ನು ಜಿಲ್ಲಾ ದಾಖಲೆ ಭಂಡಾರಕ್ಕೆ ಒಪ್ಪಿಸಬೇಕಾಯಿತು. ಹೀಗಾಗಿ ಎಷ್ಟೋ ಹಳ್ಳಿ ಚರ್ಚುಗಳ ಪೆಟ್ಟಿಗೆ ಈಗ ಖಾಲಿ.

ಪೆಟ್ಟಿಗೆ ಖಾಲಿಯಾದರೂ ಅದು ಕಲಿಸುವ ಪಾಠ ಉಳಿದಿದೆ. ಮೂರು ಬೀಗ ಕಳ್ಳರನ್ನು ತಡೆದಿರಬಹುದು. ತೇವ, ಹುಳು, ಬೆಂಕಿಗಳನ್ನು ತಡೆಯಲಿಲ್ಲ. ಮೂಲ ಪುಸ್ತಕ ನಾಶವಾದ ಎಷ್ಟೋ ಊರುಗಳ ಜನರ ಹೆಸರು ಇಂದಿಗೂ ಸಿಗುತ್ತಿರುವುದು, ವರ್ಷಕ್ಕೊಮ್ಮೆ ಪಾದ್ರಿಯೊಬ್ಬ ಬೇಸರಿಸದೆ ಕೂತು ಬಿಷಪ್ಪರಿಗೆ ಇನ್ನೊಂದು ಪ್ರತಿ ಬರೆದು ಕಳಿಸಿದ್ದರಿಂದ.