ಅಗ್ಗದ ಅಂಗಡಿಯ ಲೆಕ್ಕ



ಅಮೆರಿಕದ ರಾಜರ್ಸ್ ಎಂಬ ಸಣ್ಣ ಪೇಟೆಯಲ್ಲಿ 1962ರಲ್ಲಿ ವಾಲ್ಟನ್ ಸೋದರರು ಮೊದಲ ವಾಲ್‌ಮಾರ್ಟ್ ಅಂಗಡಿ ತೆರೆದರು. ಲಾಭ ಕಡಿಮೆ, ಮಾರಾಟ ಹೆಚ್ಚು. ಇದು ನಮ್ಮ ಸಂತೆ ವ್ಯಾಪಾರಿಗೂ ತಿಳಿದದ್ದೇ. ಅವರ ಜಾಣತನವೆಂದರೆ, ದೊಡ್ಡ ಅಂಗಡಿಗಳು ತಿರುಗಿ ನೋಡದ ಊರುಗಳನ್ನು ಆರಿಸಿ, ನಡುವೆ ಉಗ್ರಾಣ ಕಟ್ಟಿ, ಒಂದೇ ದಿನದಲ್ಲಿ ಲಾರಿ ಮುಟ್ಟುವಷ್ಟು ದೂರದೊಳಗೆ ಅಂಗಡಿಗಳನ್ನಿಟ್ಟದ್ದು. ಅಷ್ಟನ್ನು ನಾವು ಮೆಚ್ಚಲೇಬೇಕು.

ಆದರೆ ಅಗ್ಗದ ಇನ್ನೊಂದು ಪಾಲು ಬಂದದ್ದು ನೌಕರನ ಕೂಲಿಯಿಂದ. ಕೆನಡಾದ ಜೊಂಕಿಯೇರ್ ಅಂಗಡಿಯ ನೌಕರರು 2004ರಲ್ಲಿ ಸಂಘ ಕಟ್ಟಿದರು. ಒಪ್ಪಂದವಾಗುವ ಮೊದಲೇ, 2005ರಲ್ಲಿ, ಕಂಪನಿ ಅಂಗಡಿಗೇ ಬೀಗ ಹಾಕಿತು. ಸುಮಾರು 190 ಮಂದಿ ಬೀದಿಪಾಲಾದರು. ಅದು ಕಾನೂನಿಗೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 2014ರಲ್ಲಿ!

ದೂರದ ಮಾತೆನ್ನಬೇಡಿ. 2018ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟಿನ ಮುಕ್ಕಾಲು ಪಾಲನ್ನು ಕೊಂಡದ್ದು ಇದೇ ಕಂಪನಿ.