ಬ್ಯಾರನ್ ಚಿತ್ರಕ್ಕೆ ಎಷ್ಟು ಅಂಕ?

ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ಸ್ಕೇಲು ಮುಟ್ಟದೆ ಬರಿಗೈಯಲ್ಲಿ ಕಟ್ಟಡ ಬರೆಯುವುದನ್ನು ಹೇಳಿಕೊಡುವುದು ನನ್ನ ಕೆಲಸ. ಫ್ರೀಹ್ಯಾಂಡ್ ಡ್ರಾಯಿಂಗ್ ಅನ್ನುತ್ತೇವೆ. ಹೇಳಿಕೊಡುವುದಕ್ಕಿಂತ ಅಂಕ ಹಾಕುವುದು ಕಷ್ಟ. ಲೆಕ್ಕಕ್ಕಾದರೆ ಒಂದು ಸರಿಯುತ್ತರ ಇರುತ್ತದೆ. ಗೆರೆಗೆ? ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಇದೇ ಹುಣಸೂರು ಸೀಮೆಯಲ್ಲಿ, ಒಂದು ಹೊಗೆಸೊಪ್ಪಿನ ಬ್ಯಾರನ್ ಮುಂದೆ.

ನಾನು ಪಾಠ ಮಾಡಲು ಶುರುಮಾಡಿದ ಹೊಸತು. ಮಳೆಗಾಲ, ಸೊಪ್ಪು ಬೇಯಿಸುವ ಕಾಲ. ಮಕ್ಕಳನ್ನು ಬ್ಯಾರನ್ ಎದುರು ಕೂರಿಸಿ, ಬರೆಯಿರಿ ಎಂದೆ. ಒಬ್ಬ ಹುಡುಗನ ಶೀಟು ನೋಡಿದವರೆಲ್ಲ ಬೆರಗಾದರು. ಒದ್ದೆ ಗೋಡೆಯ ಮೇಲಿನ ಪಾಚಿ, ಹೆಂಚಿನ ನೆರಳು, ಒಲೆಯ ಬಾಯಿಯ ಮಸಿ, ಎಲ್ಲವನ್ನೂ ಪೆನ್ಸಿಲಿನಲ್ಲೇ ತಂದಿದ್ದ. ಪಕ್ಕದ ಹುಡುಗಿಯ ಶೀಟಿನಲ್ಲಿ ನಡುಗುವ ಗೆರೆಗಳು, ಒಂದರ ಮೇಲೊಂದು ತಿದ್ದಿದ್ದು. ಇಪ್ಪತ್ತಕ್ಕೆ ಅವನಿಗೆ ಹದಿನೆಂಟು ಕೊಟ್ಟೆ, ಅವಳಿಗೆ ಹನ್ನೊಂದು.

ಬ್ಯಾರನ್ ಯಜಮಾನರು ಎರಡನ್ನೂ ಕೈಗೆ ತೆಗೆದುಕೊಂಡು ನೋಡಿದರು. ಮೊದಲನೆಯದನ್ನು ತೋರಿಸಿ, "ಚೆನ್ನಾಗೈತೆ ಮೇಷ್ಟ್ರೇ. ಆದ್ರೆ ಇದ್ರಲ್ಲಿ ಸೊಪ್ಪು ಬೇಯಲ್ಲ. ಮೇಲೆ ಗಾಳಿ ಹೋಗಕ್ಕೆ ದಾರಿನೇ ಇಲ್ವಲ್ಲ" ಅಂದರು.

ನಿಮಗೆ ನಾನು ಬ್ಯಾರನ್ ವಿವರಿಸಬೇಕಾಗಿಲ್ಲ. ಹೊರಗಿನ ಒಲೆಯ ಬಿಸಿ ಕೊಳವೆಗಳಲ್ಲಿ ಒಳಗೆ ಹರಿದು, ಕಡ್ಡಿಗೆ ಕಟ್ಟಿ ಸಾಲುಸಾಲಾಗಿ ಏರಿಸಿದ ಸೊಪ್ಪಿನ ನಡುವೆ ಮೇಲಕ್ಕೇರುತ್ತದೆ. ಕೆಳಗಿನ ಕಿಂಡಿಯಿಂದ ಗಾಳಿ ಬರಬೇಕು, ನೀರಿನ ಪಸೆ ಮೇಲಿನ ಕಿಂಡಿಯಿಂದ ಹೋಗಬೇಕು. ಆ ಕಟ್ಟಡದ ಎತ್ತರವೂ ಅದಕ್ಕೇ. ಹುಡುಗ ಗೋಡೆಯನ್ನು ನೋಡಿದ್ದ, ಬ್ಯಾರನ್ ನೋಡಿರಲಿಲ್ಲ. ಹುಡುಗಿಯ ಅಂಕುಡೊಂಕು ಗೆರೆಗಳಲ್ಲಿ ಎರಡೂ ಕಿಂಡಿ ಇದ್ದವು. ಅಗಲಕ್ಕೆ ಎತ್ತರ ಎಷ್ಟು ಪಾಲು ಎಂದು ಪೆನ್ಸಿಲನ್ನು ಕೈಯುದ್ದ ಚಾಚಿ, ಒಂದು ಕಣ್ಣು ಮುಚ್ಚಿ ಅಳೆದ ಗುರುತುಗಳೂ ಇದ್ದವು. ಅವಳು ತಿದ್ದಿದ ಪ್ರತಿ ಗೆರೆಯೂ ಮೊದಲಿನದಕ್ಕಿಂತ ದಿಟಕ್ಕೆ ಹತ್ತಿರ. ನಾನು ಅದನ್ನು ಗಲೀಜು ಎಂದುಕೊಂಡಿದ್ದೆ. ಆ ಹನ್ನೊಂದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಅಂದಿನಿಂದ ನನ್ನ ತರಗತಿಯಲ್ಲಿ ರಬ್ಬರ್ ಇಲ್ಲ. ತಪ್ಪಿದ ಗೆರೆ ಶೀಟಿನಲ್ಲೇ ಉಳಿಯಬೇಕು, ಕಲಿಕೆ ಕಾಣುವುದು ಅಲ್ಲೇ. ಸೆಮಿಸ್ಟರಿನ ಮೊದಲ ದಿನ ಬರೆದ ಚಿತ್ರವನ್ನು ಎತ್ತಿಟ್ಟು, ಕೊನೆಯ ವಾರ ಅದೇ ಕಟ್ಟಡವನ್ನು ಅಷ್ಟೇ ಹೊತ್ತಿನಲ್ಲಿ ಬರೆಸುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು ಅಂಕ. ಆಮೇಲೆ ಕಟ್ಟಡಕ್ಕೆ ಬೆನ್ನು ಹಾಕಿ ಕೂತು ನೆನಪಿನಿಂದ ಒಂದು ಚಿತ್ರ. ಕಣ್ಣಿಗೆ ಬಿದ್ದದ್ದು ಬುದ್ಧಿಗೆ ಇಳಿದಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಹೆಸರು ಮರೆಮಾಡಿ ಇನ್ನೊಬ್ಬ ಮೇಷ್ಟ್ರಿಂದಲೂ ಅಂಕ ಹಾಕಿಸುತ್ತೇನೆ. ಯಾವುದಕ್ಕೆ ಎಷ್ಟು ಅಂಕ ಎನ್ನುವುದು ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ.

ಆರ್ಕಿಟೆಕ್ಚರ್ ಕಾಲೇಜಿನ ಪ್ರವೇಶ ಪರೀಕ್ಷೆ ನಾಟಾದಲ್ಲಿ ಕೈಯಲ್ಲಿ ಬರೆಯುವ ಭಾಗ 2024ರಲ್ಲಿ ಮತ್ತೆ ಬಂತು: ಒಟ್ಟು 200ರಲ್ಲಿ 80 ಅಂಕ, ತೊಂಬತ್ತು ನಿಮಿಷ. ಬಂದದ್ದು ನನಗೆ ಸಂತೋಷವೇ. ಆದರೆ ಅಲ್ಲಿ ಒಂದು ದಿನದ ಕೈಚಳಕವನ್ನಷ್ಟೇ ತೂಗಲು ಸಾಧ್ಯ. ಇಡೀ ಸೆಮಿಸ್ಟರ್ ಕೈಯಲ್ಲಿರುವ ಕಾಲೇಜೂ ಹಾಗೇ ತೂಗಿದರೆ ಮನೆಯಿಂದ ಕಲಿತು ಬಂದವನಿಗೆ ಅಂಕ, ನಮ್ಮಲ್ಲಿ ಕಲಿತವನಿಗೆ ಸೊನ್ನೆ.

ಇಲ್ಲಿ ಗುರುಪುರದಲ್ಲಿ ನಿಂತು ಅಳತೆ, ನೆನಪುಗಳ ಮಾತಾಡುವಾಗ ಗ್ಯುದ್ಮೆದ್ ಮಠ ನೆನಪಾಗದಿರದು. 1433ರಲ್ಲಿ ಟಿಬೆಟಿನಲ್ಲಿ ಶೆರಬ್ ಸೆಂಗೆ ಕಟ್ಟಿದ ವಿದ್ಯಾಪೀಠ, ಈಗ ನಿಮ್ಮ ನೆರೆ. ಅಲ್ಲಿನ ಭಿಕ್ಷುಗಳ ಮರಳಿನ ಮಂಡಲ ರಂಗೋಲಿಯಂತೆ ಕಂಡರೂ ಅದು ಒಂದು ಅರಮನೆಯ ನಕ್ಷೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಗೋಡೆಗಳನ್ನು ಹೊರಕ್ಕೆ ಮಲಗಿಸಿ ಮೇಲಿನಿಂದ ನೋಡಿದ ಹಾಗೆ. ಮೊದಲು ದಾರ ಹಿಡಿದು ಗೆರೆ ಹಾಕುತ್ತಾರೆ. ಆಮೇಲೆ ಗೀರುಗೀರಾದ ಲೋಹದ ಕೊಳವೆಯನ್ನು ಇನ್ನೊಂದರಿಂದ ಉಜ್ಜುತ್ತ, ನಡುವಿನಿಂದ ಹೊರಕ್ಕೆ ಮರಳು ಉದುರಿಸುತ್ತಾರೆ. ಕೊನೆಗೆ ಎಲ್ಲವನ್ನೂ ಗುಡಿಸಿಬಿಡುತ್ತಾರೆ. ಚಿತ್ರ ಹೋದರೂ ಆ ಅಳತೆಗಳು ಬರೆದವರ ತಲೆಯಲ್ಲಿ ಇರುತ್ತವೆ. ಅಲ್ಲಿನ ಅಳತೆ ಶಾಸ್ತ್ರದಲ್ಲಿದೆ, ಸರಿ ತಪ್ಪು ಹೇಳುವುದು ಸುಲಭ. ನನ್ನ ಮಕ್ಕಳು ಅಳತೆಯನ್ನು ಎದುರಿನ ಕಟ್ಟಡದಲ್ಲೇ ಹುಡುಕಿಕೊಳ್ಳಬೇಕು. ಹಾಗಾಗಿ ಅಂಕ ಹಾಕುವವರಿಗೂ ಆ ಕಟ್ಟಡ ಗೊತ್ತಿರಬೇಕು. ನನಗೆ ಅಂದು ಗೊತ್ತಿರಲಿಲ್ಲ.

ಆ ಎರಡು ಶೀಟುಗಳ ನಕಲನ್ನು ಇಲ್ಲಿ ಮೇಜಿನ ಮೇಲಿಟ್ಟಿದ್ದೇನೆ, ಹೆಸರೂ ಇಲ್ಲ, ಅಂಕವೂ ಇಲ್ಲ. ನಿಮ್ಮಲ್ಲಿ ಬ್ಯಾರನ್ ಇಟ್ಟುಕೊಂಡವರು ಬಹಳ ಜನ ಇದ್ದೀರಿ. ಬಂದು ನೋಡಿ, ಪೆನ್ಸಿಲ್ ಅಲ್ಲೇ ಇದೆ, ಇಪ್ಪತ್ತಕ್ಕೆ ಎಷ್ಟು ಅಂತ ನೀವೇ ಬರೆಯಿರಿ.